ಒಂದೇ ತಲೆಯಲ್ಲಿ ಎರಡು ಕೂದಲು

ನನ್ನ ತಲೆಯ ಮೇಲೆ ಈಗ ಎರಡು ಬಗೆಯ ಕೂದಲಿದೆ. ಬುಡದಲ್ಲಿ ಬಿಗಿಯಾದ ಗುಂಗುರು. ಅದರ ತುದಿಗೆ ಅಂಟಿಸಿದಂತೆ, ಭುಜದವರೆಗೆ ಜೋತುಬಿದ್ದ ನೆಟ್ಟನೆಯ ಕೂದಲು. ಇದನ್ನು ಕಂಡು ಹಾಸ್ಟೆಲಿನ ಗೆಳತಿಯರು “ಏನೇ ಇದು, ಮೇಲೊಬ್ಬಳು ಕೆಳಗೊಬ್ಬಳು!” ಎಂದು ನಗುವುದುಂಟು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಹೇಳಿ ಸಾಕಾಗಿ, ಎಲ್ಲರಿಗೂ ಒಮ್ಮೆಗೇ ತಿಳಿಯಲೆಂದು ಈ ಲೇಖನವನ್ನು ಬರೆಯಲು ಕುಳಿತೆನು. ವಾಚಕರು ಇದನ್ನು ಬರಿಯ ಶೃಂಗಾರದ ಮಾತೆಂದು ತಳ್ಳಿಹಾಕಬಾರದಾಗಿ ಬೇಡುತ್ತೇನೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿರುವ ಸಿದ್ದಿ ಜನರನ್ನು ನೀವು ಬಲ್ಲಿರಿ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿಯೂ ನಮ್ಮಲ್ಲಿ ಸೇರಿದೆ. 2003ರಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮಾತು, ಊಟ, ಉಡುಗೆಗಳಲ್ಲಿ ನಾವು ಈ ನೆಲದವರೇ ಆಗಿದ್ದೇವೆ. ಕೂದಲು ಮಾತ್ರ ಹಳೆಯ ಊರನ್ನು ಮರೆತಿಲ್ಲ. ಮೊದಲ ವರ್ಷದ ಬಿ.ಎ.ಯಲ್ಲಿದ್ದಾಗ, ಅಕ್ಕನ ಮದುವೆಗೆ ಮುಂಚೆ, ಆಯಿ ಅಡಿಕೆ ಸುಲಿದು ಕೂಡಿಟ್ಟ ಹಣವನ್ನು ತೆಗೆದುಕೊಂಡು ಒಂದು ಪಟ್ಟಣದ ಪಾರ್ಲರಿಗೆ ಹೋಗಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡೆನು. ಆರು ತಿಂಗಳಿಗೊಮ್ಮೆ ಬುಡಕ್ಕೆ ಪುನಃ ಮಾಡಿಸಬೇಕೆಂದರು, ಹಾಗೆಯೇ ಮಾಡಿಸಿದೆನು. ಎರಡನೆಯ ಸಲ ಮುಗಿದ ಮೇಲೆ ಬಾಚಣಿಗೆಯ ತುಂಬ ತುಂಡುಕೂದಲು ಬರತೊಡಗಿತು. ಅಂದಿಗೆ ನಿಲ್ಲಿಸಿದೆನು. ಈಗ ಹನ್ನೊಂದು ತಿಂಗಳಾಯಿತು.

ನಿಲ್ಲಿಸಿದ ಮೇಲೆ ಕೂದಲು ತನ್ನಷ್ಟಕ್ಕೆ ಮೊದಲಿನಂತಾಗುವುದೆಂದು ನಂಬಿದ್ದೆನು. ಬಹುಮಂದಿ ಹಾಗೆಯೇ ನಂಬುತ್ತಾರೆ. ಅದು ಆಗುವುದಿಲ್ಲ; ಏಕೆಂಬುದನ್ನು ಮೊದಲು ಹೇಳಬೇಕು.

ಕೂದಲು ಕೆರಾಟಿನ್ ಎಂಬ ಸಸಾರಜನಕದಿಂದಾದುದು. ಅದರ ಉದ್ದನೆಯ ಎಳೆಗಳನ್ನು ಏಣಿಯ ಮೆಟ್ಟಿಲುಗಳಂತೆ ಗಂಧಕದ ಕೊಂಡಿಗಳು ಪರಸ್ಪರ ಬಿಗಿದಿರುತ್ತವೆ. ಚರ್ಮದ ಒಳಗಿನ ಕೂದಲಗುಳಿ ಬಾಗಿದ್ದರೆ ಅಲ್ಲಿಂದ ಹೊರಡುವ ಕೂದಲೂ ಸುರುಳಿಯಾಗಿ ಹೊರಡುತ್ತದೆ. ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ದುಂಡಗಿರದೆ ಚಪ್ಪಟೆ ಮೊಟ್ಟೆಯಂತೆ ಕಾಣುತ್ತದೆ. ಕ್ಷಾರದ ಲೇಪವು ಕೂದಲಿನೊಳಗೆ ಇಳಿದು ಈ ಗಂಧಕದ ಕೊಂಡಿಗಳನ್ನು ಮುರಿಯುತ್ತದೆ; ಎರಡು ಗಂಧಕದ ಕೊಂಡಿ ಇದ್ದಲ್ಲಿ ಒಂದೇ ಗಂಧಕದ ಬೇರೊಂದು ಕೊಂಡಿ ಕೂಡಿಕೊಳ್ಳುತ್ತದೆ. ಅದನ್ನು ಹಿಂದಿನಂತೆ ಮಾಡುವ ಉಪಾಯವಿಲ್ಲ. ಅಮೆರಿಕದಲ್ಲಿ ರಿಲ್ಯಾಕ್ಸರ್ ಎಂದು ಕರೆಯುವುದು ಇದನ್ನೇ. ಕಾಸ್ಟಿಕ್ ಸೋಡಾ ಅಥವಾ ಗ್ವಾನಿಡಿನ್ ಹೈಡ್ರಾಕ್ಸೈಡ್ ಅದರ ಜೀವಾಳ. ನಮ್ಮ ಕಡೆಯ ಪಾರ್ಲರುಗಳ ರಿಬಾಂಡಿಂಗಿನಲ್ಲಿ ಬಳಸುವುದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ಬೇರೆ ವಸ್ತು. ಅದು ಕೊಂಡಿಗಳನ್ನು ಬಿಚ್ಚಿದ ಬಳಿಕ ಇನ್ನೊಂದು ದ್ರಾವಣವು ಅವನ್ನು ಹೊಸ ಜಾಗದಲ್ಲಿ ಕಟ್ಟುತ್ತದೆ. ದಾರಿ ಬೇರೆಯಾದರೂ ಫಲ ಒಂದೇ. ಹೊರಗಿರುವ ಕೂದಲು ಜೀವವಿಲ್ಲದ್ದು. ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಹೊಸ ಕೂದಲು ಬುಡದಿಂದಲೇ ಬರಬೇಕು. ಕೂದಲು ತಿಂಗಳಿಗೆ 1.25 ಸೆಂಟಿಮೀಟರು ಬೆಳೆಯುವುದೆಂದು ಲೆಕ್ಕ ಹೇಳುತ್ತಾರೆ. ಬಿಗಿಸುರುಳಿಯದು ಅದಕ್ಕಿಂತ ನಿಧಾನ. ಹನ್ನೊಂದು ತಿಂಗಳಿಗೆ ನನ್ನದನ್ನು ಎಳೆದು ಸ್ಕೇಲಿನಲ್ಲಿ ಅಳೆದರೆ ಸುಮಾರು 10 ಸೆಂಟಿಮೀಟರು. ಬಿಟ್ಟೊಡನೆ ಎರಡು ಬೆರಳಿನಷ್ಟಕ್ಕೆ ಕುಗ್ಗುತ್ತದೆ.

ಈ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಅಮೆರಿಕದ ಕಪ್ಪು ಮಹಿಳೆಯರಿಂದ. ಮೊಬೈಲಿನಲ್ಲಿ ಅವರ ಪಾಠಗಳನ್ನು ನೋಡಿ, ಅರ್ಥವಾಗದ ಇಂಗ್ಲಿಷನ್ನು ಎರಡೆರಡು ಸಲ ಕೇಳಿ ಕಲಿತೆನು. ಅವರಿಗೆ ಈ ಅನುಭವ ಹೊಸದಲ್ಲ. ಗುಲಾಮಗಿರಿ ಮುಗಿದ ಮೇಲೂ ಕೆಲಸ ಸಿಗಬೇಕಾದರೆ, ಮರ್ಯಾದೆಯವರೆನಿಸಬೇಕಾದರೆ, ಕೂದಲು ಬಿಳಿಯರಂತೆ ನೆಟ್ಟಗಿರಬೇಕೆಂಬ ಭಾವನೆ ಅಲ್ಲಿ ಬೇರೂರಿತ್ತು. ಕಬ್ಬಿಣದ ಹಣಿಗೆಯನ್ನು ಒಲೆಯ ಮೇಲೆ ಕಾಯಿಸಿ ಬಾಚುವುದು ಒಂದು ಪದ್ಧತಿ. 1923ರಲ್ಲಿ ರಸ್ತೆ ಸಂಚಾರದ ಸಂಕೇತಯಂತ್ರಕ್ಕೆ ಪೇಟೆಂಟ್ ಪಡೆದ ಗ್ಯಾರೆಟ್ ಮಾರ್ಗನ್ನನೇ ಅದಕ್ಕೆ ಮುಂಚೆ ಕೂದಲು ನೆಟ್ಟಗೆ ಮಾಡುವ ಲೇಪವನ್ನು ಮಾರಿದ್ದನು. ಮಾಲ್ಕಂ ಎಕ್ಸ್‌ ತನ್ನ ಆತ್ಮಕಥೆಯಲ್ಲಿ, ಹುಡುಗನಾಗಿದ್ದಾಗ ಗೆಳೆಯನೊಬ್ಬನು ಕ್ಷಾರ, ಆಲೂಗೆಡ್ಡೆ, ಮೊಟ್ಟೆ ಕಲಸಿ ತನ್ನ ತಲೆಗೆ ಬಳಿದುದನ್ನೂ ನೆತ್ತಿ ಬೆಂಕಿಯಂತೆ ಉರಿದುದನ್ನೂ ವಿವರವಾಗಿ ಬರೆದಿದ್ದಾನೆ. ಆ ಪುಸ್ತಕ 1965ರಲ್ಲಿ ಪ್ರಕಟವಾಯಿತು. ಪಾರ್ಲರಿನಲ್ಲಿ ನೆತ್ತಿ ಉರಿಯುತ್ತಿದೆಯೆಂದು ನಾನು ಹೇಳಿದಾಗ “ಸ್ವಲ್ಪ ತಡ್ಕೊಳ್ಳಿ, ಚೆನ್ನಾಗಿ ಹಿಡೀಬೇಕು” ಎಂದಿದ್ದರು. ಆ ಪುಟಗಳನ್ನು ಓದುವಾಗ ಅದು ನೆನಪಾಯಿತು.

1960ರ ದಶಕದಲ್ಲಿ ಅಲ್ಲಿನ ಕಪ್ಪು ಯುವಜನರು ಕೂದಲನ್ನು ಇದ್ದಂತೆಯೇ ದೊಡ್ಡದಾಗಿ ಬಿಟ್ಟರು; ಆಫ್ರೋ ಎಂಬ ಹೆಸರು ಜಗತ್ತಿಗೆಲ್ಲ ತಿಳಿಯಿತು. ಬಳಿಕ ರಿಲ್ಯಾಕ್ಸರ್ ಪುನಃ ಮೇಲುಗೈ ಪಡೆಯಿತು. 2000ದ ನಂತರ ಅನೇಕರು ಅದನ್ನು ಮತ್ತೆ ಕೈಬಿಟ್ಟರು. ಹಾಗೆ ಬಿಡುವವರಿಗೆ ಎರಡು ದಾರಿಗಳಿವೆ. ಬುಡದಲ್ಲಿ ಒಂದೆರಡು ಅಂಗುಲ ಬಂದೊಡನೆ ನೆಟ್ಟನೆಯ ಭಾಗವನ್ನೆಲ್ಲ ಒಮ್ಮೆಗೇ ಕತ್ತರಿಸುವುದು ಒಂದು. ಅದನ್ನು ಅವರು ‘ಬಿಗ್ ಚಾಪ್’ ಎನ್ನುತ್ತಾರೆ. ಇದೇ ಸುಲಭ, ಇದೇ ಕ್ಷೇಮ, ಸಂಶಯವಿಲ್ಲ. ಆದರೆ ನಮ್ಮಲ್ಲಿ ಹೆಣ್ಣುಮಗಳು ತಲೆ ಬೋಳಾಗುವಷ್ಟು ಕತ್ತರಿಸಿಕೊಂಡರೆ ಹರಕೆಯೋ ಕಾಯಿಲೆಯೋ ಎಂದು ಊರೆಲ್ಲ ಕೇಳುತ್ತದೆ. ಆಯಿ ಒಪ್ಪಲಿಲ್ಲ. ಆದುದರಿಂದ ನಾನು ಎರಡನೆಯ ದಾರಿ ಹಿಡಿದೆನು: ಎರಡನ್ನೂ ಹೊತ್ತುಕೊಂಡು, ಸ್ವಲ್ಪ ಸ್ವಲ್ಪವಾಗಿ ತುದಿಯನ್ನು ಕತ್ತರಿಸುತ್ತ, ಒಂದೂವರೆ ಎರಡು ವರ್ಷ ಕಾಯುವುದು.

ಈ ದಾರಿಯ ಕಷ್ಟವೆಲ್ಲ ಒಂದು ಗೆರೆಯಲ್ಲಿದೆ. ಗುಂಗುರು ಮುಗಿದು ನೆಟ್ಟನೆಯದು ಆರಂಭವಾಗುವ ಸಂಧಿಯೇ ಆ ಗೆರೆ. ಹೊಸಹಗ್ಗಕ್ಕೆ ಸವೆದ ಹಗ್ಗವನ್ನು ಬೆಸೆದಂತೆ, ಎಳೆದಾಗಲೆಲ್ಲ ಅಲ್ಲಿಯೇ ತುಂಡಾಗುತ್ತದೆ. ಆದುದರಿಂದ ಈ ಕಾಲದ ಕೇಶಾಲಂಕಾರದ ಗುಟ್ಟು ಇಷ್ಟೇ: ಗುಂಗುರನ್ನು ನೆಟ್ಟನೆಯದಕ್ಕೆ ಹೊಂದಿಸಲು ಹೋಗಬಾರದು, ನೆಟ್ಟನೆಯದನ್ನು ಗುಂಗುರಿಗೆ ಹೊಂದಿಸಬೇಕು. ನಾನು ಮೊದಲ ಮೂರು ತಿಂಗಳು ಇದಕ್ಕೆ ವಿರುದ್ಧವಾಗಿ, ಬುಡಕ್ಕೆ ಇಸ್ತ್ರಿಯಂಥ ಕಾದ ಪಟ್ಟಿಯನ್ನು ಎಳೆಯುತ್ತಿದ್ದೆನು. ಹೆಚ್ಚು ಶಾಖದಿಂದ ಹೊಸ ಗುಂಗುರೂ ಕೆಡುತ್ತದೆ. ಕೆಟ್ಟರೆ ಅದನ್ನೂ ಕತ್ತರಿಸಬೇಕು. ಹೀಗೆ ಮೂರು ತಿಂಗಳ ಬೆಳೆ ಹಾಳಾಯಿತು.

ಸಿಕ್ಕು ಬಿಡಿಸುವುದು ಮೊದಲ ಕೆಲಸ. ಒಣಗಿದ ಗುಂಗುರನ್ನು ಬಾಚಲೇಬಾರದು. ನೆತ್ತಿಯ ಎಣ್ಣೆಯಂಶ ಸುರುಳಿಗಳ ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯಲಾರದಾದ್ದರಿಂದ ಇಂತಹ ಕೂದಲು ಸ್ವಭಾವತಃ ಒಣಕಲು. ತಲೆಯನ್ನು ನಾಲ್ಕು ಭಾಗ ಮಾಡಿ, ಒದ್ದೆ ಕೂದಲಿಗೆ ಜಾರುವಂತಹುದೇನನ್ನಾದರೂ ಹಚ್ಚಿ, ಮೊದಲು ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬರಬೇಕು. ಸಂಧಿಯ ಮೇಲ್ಗಡೆ ಒಂದು ಕೈಯಿಂದ ಹಿಡಿದಿದ್ದರೆ ಎಳೆತ ಬುಡಕ್ಕೆ ತಾಗುವುದಿಲ್ಲ. ಅಮೆರಿಕದವರು ಇದಕ್ಕೆ ಬಾಟಲಿ ಬಾಟಲಿ ಕಂಡಿಷನರ್ ಸುರಿಯುತ್ತಾರೆ. ನಮ್ಮ ಕಡೆ ಅಜ್ಜಿಯಂದಿರು ಅರೆಯುವ ದಾಸವಾಳದ ಸೊಪ್ಪಿನ ಗೊಂಪು ಅದೇ ಕೆಲಸವನ್ನು ಬಿಡಿಗಾಸಿಲ್ಲದೆ ಮಾಡುವುದನ್ನು ಕಂಡು ನನಗೆ ನಗು ಬಂತು. ತಲೆ ತೊಳೆಯುವ ಮುಂಚೆ ತೆಂಗಿನೆಣ್ಣೆ ಹಚ್ಚುವುದೂ ಸುಳ್ಳು ಶಾಸ್ತ್ರವಲ್ಲ. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿದು ಸಸಾರಜನಕದ ನಷ್ಟವನ್ನು ತಗ್ಗಿಸುವುದೆಂದು 2003ರಲ್ಲಿ ಮುಂಬಯಿಯ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ಹರಳೆಣ್ಣೆ ಹಚ್ಚಿದರೆ ಕೂದಲು ಬೇಗ ಬೆಳೆಯುವುದೆಂಬ ಮಾತನ್ನು ಮಾತ್ರ ನಾನು ನಂಬಿ ಕೆಟ್ಟೆನು. ದಿಂಬು ಜಿಡ್ಡಾಯಿತೇ ಹೊರತು ಬೇರೇನೂ ಆಗಲಿಲ್ಲ.

ಇನ್ನು ಅಲಂಕಾರಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹೊಸೆದು ಬಿಚ್ಚುವ ಪದ್ಧತಿ. ತೇವವಿರುವ ಕೂದಲನ್ನು ಹದಿನೈದು ಇಪ್ಪತ್ತು ಭಾಗ ಮಾಡಿ, ಒಂದೊಂದನ್ನೂ ಎರಡೆಳೆಯಾಗಿ ಹಗ್ಗ ಹೊಸೆದಂತೆ ಹೊಸೆಯಬೇಕು. ಗುಂಗುರು ಇರುವಷ್ಟು ದೂರ ಅದು ತಾನಾಗಿ ನಿಲ್ಲುತ್ತದೆ. ನೆಟ್ಟನೆಯ ತುದಿ ನಿಲ್ಲದೆ ಬಿಚ್ಚಿಕೊಳ್ಳುತ್ತದೆ. ಆದುದರಿಂದ ತುದಿಯನ್ನು ಯಾವುದಕ್ಕಾದರೂ ಸುತ್ತಬೇಕು. ಅಲ್ಲಿಯವರು ಬಾಗುವ ರಬ್ಬರಿನ ಕಡ್ಡಿಗಳಿಗೆ ಸುತ್ತುತ್ತಾರೆ. ನಾನು ಹಳೆಯ ಸೀರೆಯ ಅಂಚನ್ನು ಗೇಣುದ್ದದ ಚೂರುಗಳಾಗಿ ಹರಿದು, ತುದಿಯನ್ನು ಅದಕ್ಕೆ ಸುತ್ತಿಕೊಂಡು ಮೇಲಕ್ಕೆ ಬಂದು ಗಂಟು ಹಾಕುತ್ತೇನೆ. ಪೂರ್ತಿ ಒಣಗಿದ ಮೇಲೆ, ಬೆರಳಿಗೆ ಒಂದು ಹನಿ ಎಣ್ಣೆ ಸವರಿಕೊಂಡು, ಹೊಸೆದ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ಬಿಚ್ಚಿದರೆ ಬುಡದಿಂದ ತುದಿಯವರೆಗೆ ಒಂದೇ ಬಗೆಯ ಅಲೆ ಕಾಣುತ್ತದೆ. ಎರಡು ಕೂದಲಿದೆಯೆಂದು ಯಾರೂ ಕಂಡುಹಿಡಿಯಲಾರರು. ಒದ್ದೆಯಿದ್ದಾಗ ಬಿಚ್ಚಿದರೋ, ಹತ್ತಿಯ ಗುಡ್ಡೆ! ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ರಾತ್ರಿ ಹೊಸೆದದ್ದು ಮರುದಿನ ಮಧ್ಯಾಹ್ನಕ್ಕೂ ಒಣಗುವುದಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಶನಿವಾರ ರಾತ್ರಿಯೇ ಈ ಕೆಲಸ.

ಅಲೆ ನಿಲ್ಲಬೇಕಾದರೆ ಅಂಟಿನಂತಹುದು ಬೇಕು. ಕಾಲು ಲೋಟ ಅಗಸೆಬೀಜವನ್ನು ಎರಡು ಲೋಟ ನೀರಿನಲ್ಲಿ, ಮೊಟ್ಟೆಯ ಬಿಳಿಯಂತೆ ಲೋಳೆ ಬರುವವರೆಗೆ ಕುದಿಸಿ, ಬಿಸಿಯಿದ್ದಾಗಲೇ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ತಣ್ಣಗಾದರೆ ಸೋಸಲಾಗದು. ಇದೂ ಅಮೆರಿಕದವರ ಪಾಠವೇ. ಚಟ್ನಿಪುಡಿಗೆಂದು ಹುಬ್ಬಳ್ಳಿಯ ಕಡೆಯ ನನ್ನ ರೂಮಿನ ಗೆಳತಿ ತಂದಿಟ್ಟ ಅಗಸಿ ಹೀಗೆ ನನ್ನ ತಲೆಗೆ ಖರ್ಚಾಯಿತು.

ಇದಲ್ಲದೆ, ತುಂಡುತುಂಡಾಗಿ ಕೂದಲನ್ನು ಹೊಸೆದು ಅದರ ಸುತ್ತಲೇ ಸುತ್ತಿ ನೆತ್ತಿಯ ತುಂಬ ಪುಟ್ಟ ಪುಟ್ಟ ತುರುಬು ಕಟ್ಟುವುದುಂಟು. ದಕ್ಷಿಣ ಆಫ್ರಿಕದ ಜನಗಳ ಹೆಸರಿನಿಂದ ಅದನ್ನು ಬಾಂಟು ಗಂಟು ಎನ್ನುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಸಮಯವಿಲ್ಲದಾಗ ಎರಡು ದಪ್ಪ ಜಡೆ ಹೆಣೆದು ಹಿಂದಕ್ಕೆ ಸುತ್ತಿ ಪಿನ್ನು ಚುಚ್ಚಿದರೆ ಸಾಕು, ಸಂಧಿಗೆ ಎಳೆತವಿಲ್ಲ. ರಾತ್ರಿ ನೂಲಿನ ದಿಂಬು ಕೂದಲಿನ ತೇವವನ್ನು ಹೀರಿ ಉಜ್ಜುತ್ತದೆ. ನುಣುಪಾದ ಸ್ಯಾಟಿನ್ ಬಟ್ಟೆ ಕಟ್ಟಿಕೊಂಡು ಮಲಗಬೇಕು.

ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಜಡೆಯ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಗೋವಿನಜೋಳದ ಹೊಲದ ಸಾಲುಗಳಂತೆ ಕಾಣುವುದರಿಂದ ಅದಕ್ಕೆ ಕಾರ್ನ್‌ರೋ ಎಂದು ಹೆಸರು. ಒಮ್ಮೆ ಹೆಣೆದರೆ ಹಲವು ವಾರ ಕೂದಲಿಗೆ ಕೈಹಾಕಬೇಕಿಲ್ಲ. ಸಂಧಿಕಾಲಕ್ಕೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಆದರೆ ಬಹಳ ಬಿಗಿಯಾದರೆ ಹಣೆಯಂಚಿನ ಕೂದಲು ಬುಡಸಹಿತ ಉದುರಿ, ಕಾಲಕ್ರಮದಲ್ಲಿ ಮತ್ತೆ ಹುಟ್ಟುವುದೇ ಇಲ್ಲ. ಹೆಣೆದ ರಾತ್ರಿ ತಲೆ ನೋಯುತ್ತಿದ್ದರೆ ಬಿಚ್ಚಿಬಿಡುವುದು ಲೇಸು. ಈ ಜಡೆಯ ಸಲುವಾಗಿ ಅಲ್ಲಿ ಕೋರ್ಟು ಕಚೇರಿಯೂ ಆಗಿದೆ. ರೆನೀ ರಾಜರ್ಸ್ ಎಂಬಾಕೆ ವಿಮಾನ ಕಂಪೆನಿಯೊಂದರ ನೌಕರಳು. ಕೆಲಸದ ವೇಳೆ ಈ ಜಡೆ ಕೂಡದೆಂಬ ನಿಯಮದ ಮೇಲೆ ದಾವೆ ಹೂಡಿದಳು. 1981ರಲ್ಲಿ ನ್ಯಾಯಾಲಯವು ಕಂಪೆನಿಯ ಪರವಾಗಿ ತೀರ್ಪಿತ್ತಿತು: ಜಡೆಯು ಹುಟ್ಟಿನಿಂದ ಬಂದದ್ದಲ್ಲ, ಬೇಕಾದರೆ ಬದಲಾಯಿಸಬಹುದೆಂಬುದು ಅದರ ತರ್ಕ. ಕೂದಲಿನ ಗುಣಕ್ಕೂ ಇಂತಹ ಜಡೆಗಳಿಗೂ ರಕ್ಷಣೆ ಕೊಡುವ ಕಾನೂನು ಮೊದಲು ಬಂದುದು 2019ರಲ್ಲಿ, ಕ್ಯಾಲಿಫೋರ್ನಿಯ ರಾಜ್ಯದಲ್ಲಿ. ಆಮೇಲೆ ಬೇರೆ ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು.

ಬೇಸರ ಬಂದು ಪುನಃ ಪಾರ್ಲರಿಗೆ ಹೋಗೋಣವೆನ್ನಿಸುವ ದಿನಗಳಿರುತ್ತವೆ. ನನಗೂ ಇದ್ದವು. ಅಂಥವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಕ್ಷಾರದಿಂದ ನೆಟ್ಟಗಾದ ಕೂದಲಿನ ಮೇಲೆ ಥಯೋಗ್ಲೈಕೊಲೇಟ್ ಬಿದ್ದರೆ, ಅಥವಾ ಅದರ ಮೇಲೆ ಇದು ಬಿದ್ದರೆ, ಕೂದಲು ಕರಗಿದಂತೆ ತುಂಡಾಗಿ ಕೈಗೆ ಬರುತ್ತದೆ. ಹಿಂದೆ ಏನು ಹಚ್ಚಿದ್ದರೆಂದು ತಿಳಿಯದೆ ಬೇರೊಂದನ್ನು ಹಚ್ಚಿಸಿಕೊಳ್ಳಬಾರದು. ಎರಡನೆಯದು, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನ. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದಾಗ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಕಂಡಿತು. ಕೂದಲು ನೆಟ್ಟಗಾಗಿಸುವ ವಸ್ತುಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಈ ರೋಗ ಬರುವ ಸಂಭವ ನೂರಕ್ಕೆ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05. ಆ ವಸ್ತುಗಳೇ ರೋಗಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ, ಸಂಬಂಧವಿದೆಯೆಂದಷ್ಟೇ ತಿಳಿಯುತ್ತದೆ. ಎರಡೇ ಸಲ ಮಾಡಿಸಿದ ನನ್ನಂಥವರು ಹೆದರಿ ನಿದ್ದೆಗೆಡಬೇಕಿಲ್ಲ. ಆದರೆ ಆಯಿಗೆ ಈ ಲೆಕ್ಕ ಹೇಳಿದಂದಿನಿಂದ “ಗುಂಗುರೇ ಇರಲಿ ಬಿಡು” ಎನ್ನುತ್ತಿದ್ದಾಳೆ.

ತುದಿ ಕತ್ತರಿಸುವ ಮಾತೊಂದು ಉಳಿಯಿತು. ಎರಡು ತಿಂಗಳಿಗೊಮ್ಮೆ ಒಂದು ಅಂಗುಲದಷ್ಟು ಕತ್ತರಿಸುತ್ತ ಬಂದರೆ ಉದ್ದ ಹೆಚ್ಚೂ ಆಗದು, ಹೆಚ್ಚು ಕಡಿಮೆಯೂ ಆಗದು. ನೋಡುವವರಿಗೆ ಕೂದಲು ಇದ್ದಲ್ಲೇ ಇದ್ದಂತೆ ಕಾಣುತ್ತದೆ, ಒಳಗೆ ಗುಂಗುರಿನ ಪಾಲು ಏರುತ್ತಿರುತ್ತದೆ. ಕತ್ತರಿ ಹರಿತವಾಗಿರಬೇಕು, ಕಾಗದ ಕತ್ತರಿಸುವ ಮೊಂಡು ಕತ್ತರಿಯಿಂದ ತುದಿ ಸೀಳುತ್ತದೆ. ಕಳೆದ ಸಲ ದರ್ಜಿಯ ಕೆಲಸ ಮಾಡುವ ಚಿಕ್ಕಮ್ಮನ ಹೊಸ ಕತ್ತರಿಯನ್ನು ಕೇಳಿ ತಂದಿದ್ದೆವು. ಬಟ್ಟೆಯ ಕತ್ತರಿಗೆ ಕೂದಲು ತಾಗಿಸಿದೆವೆಂದು ಅವಳು ಇನ್ನೂ ಬೈಯುತ್ತಿದ್ದಾಳೆ. ನೆಟ್ಟನೆಯದು ಈಗ ಒಂದೂವರೆ ಗೇಣು ಉಳಿದಿದೆ. ಪರೀಕ್ಷೆ ಮುಗಿದು ಊರಿಗೆ ಹೋದ ಮೇಲೆ ಅರ್ಧ ಗೇಣನ್ನು ಒಮ್ಮೆಗೇ ತೆಗೆಸುವುದೆಂದು ನಿಶ್ಚಯಿಸಿದ್ದೇನೆ. ಆಯಿಯೇ ಕತ್ತರಿ ಹಿಡಿಯುವಳಂತೆ.