ಗೆಳೆಯರ ಊಟ, ಹೋಟೆಲಿನ ಬಿಲ್ಲು: ತೆರಿಗೆ ಯಾವುದು, ಶುಲ್ಕ ಯಾವುದು?

ಬೆಂಗಳೂರು: ವಾರಾಂತ್ಯದ ಸಂಜೆ ನಗರದ ಹೋಟೆಲುಗಳ ಮುಂದೆ ಮೇಜು ಖಾಲಿಯಾಗುವುದನ್ನೇ ಕಾದು ನಿಲ್ಲುವ ಗೆಳೆಯರ ಗುಂಪುಗಳು ಈಗ ಸಾಮಾನ್ಯ ದೃಶ್ಯ. ಆದರೆ ಮೆನು ನೋಡಿ ಲೆಕ್ಕ ಹಾಕಿ ತರಿಸಿದ ತಿನಿಸುಗಳ ಬೆಲೆಗೂ ಕೊನೆಗೆ ಮೇಜಿಗೆ ಬರುವ ಬಿಲ್ಲಿಗೂ ಬಹಳಷ್ಟು ಕಡೆ ತಾಳೆಯಾಗುವುದಿಲ್ಲ. ನಡುವೆ ಸೇರಿಕೊಳ್ಳುವ ಸಾಲುಗಳಲ್ಲಿ ಎರಡು ಸರ್ಕಾರದ ತೆರಿಗೆ. ಇನ್ನೊಂದು, ಅಂದರೆ 'ಸೇವಾ ಶುಲ್ಕ', ತೆರಿಗೆಯೇ ಅಲ್ಲ. ಅದನ್ನು ಕೊಡುವುದೂ ಬಿಡುವುದೂ ಗ್ರಾಹಕರ ಇಷ್ಟ.

ಈ ವಿಷಯದಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ, ಹೈಕೋರ್ಟಿನ ತೀರ್ಪೂ ಇದೆ. ಆದರೂ ಕೇಳುವವರು ಕಡಿಮೆ. ಅದಕ್ಕೆ ಮುಖ್ಯ ಕಾರಣ ಸಂಕೋಚ. ನಾಲ್ಕು ಜನರ ಮುಂದೆ ಬಿಲ್ಲನ್ನು ಪ್ರಶ್ನಿಸಿದರೆ ಜಿಪುಣನೆಂಬ ಹೆಸರು ಬಂದೀತೆಂಬ ಅಳುಕು.

ದರ್ಶಿನಿಯಲ್ಲಿ ಇಲ್ಲದ ಗೊಂದಲ

ಬೆಂಗಳೂರಿನಲ್ಲಿ ಗೆಳೆಯರೊಡನೆ ಹೊರಗೆ ತಿನ್ನುವ ಅಭ್ಯಾಸ ಹೊಸದೇನಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು. ಜಯನಗರದಲ್ಲಿ ಆರ್. ಪ್ರಭಾಕರ್ ಅವರು 1983ರಲ್ಲಿ ಆರಂಭಿಸಿದ ಕೆಫೆ ದರ್ಶಿನಿ, ನಿಂತು ತಿನ್ನುವ ಹೋಟೆಲುಗಳ ಪದ್ಧತಿಗೆ ನಾಂದಿ ಹಾಡಿತು. ಅಲ್ಲಿ ಮೊದಲು ಗಲ್ಲಾದಲ್ಲಿ ಹಣ, ನಂತರ ಕೈಯಲ್ಲಿ ಟೋಕನ್, ಆಮೇಲೆ ಕಟ್ಟೆಯ ಮೇಲೆ ಇಡ್ಲಿ-ವಡೆ. ಬಡಿಸುವವರೇ ಇಲ್ಲವಾದ್ದರಿಂದ ಸೇವಾ ಶುಲ್ಕದ ಮಾತೂ ಇಲ್ಲ. ಸಾಮಾನ್ಯವಾಗಿ ಫಲಕದ ಮೇಲಿರುವ ಬೆಲೆಯೇ ಅಂತಿಮ. 'ಬೈ-ಟು ಕಾಫಿ' ಹಂಚಿಕೊಳ್ಳುವ ಇಬ್ಬರಿಗೆ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಕಾಗುವುದಿಲ್ಲ.

ಕುರ್ಚಿ ಎಳೆದು ಕುಳಿತು, ಮೆನು ತರಿಸಿಕೊಂಡು ಉಣ್ಣುವ ಕಡೆ ಪರಿಸ್ಥಿತಿ ಬೇರೆ. ಅಲ್ಲಿ ಮೆನುವಿನ ಬೆಲೆ ಬಿಲ್ಲಿನ ಮೊದಲ ಸಾಲು ಮಾತ್ರ.

ಜಿಎಸ್‌ಟಿ ಎಷ್ಟು?

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಾಗ ಹವಾನಿಯಂತ್ರಿತ ಹೋಟೆಲುಗಳಿಗೆ ಶೇ. 18 ಹಾಗೂ ಉಳಿದವಕ್ಕೆ ಶೇ. 12ರ ದರವಿತ್ತು. ಅದೇ ವರ್ಷ ನವೆಂಬರ್ 15ರಿಂದ ಈ ಭೇದ ಹೋಯಿತು. ಈಗ ಸಾಮಾನ್ಯ ಹೋಟೆಲುಗಳಲ್ಲಿ, ಏಸಿ ಇರಲಿ ಬಿಡಲಿ, ಶೇ. 5ರ ದರ ಮಾತ್ರ. ಬಿಲ್ಲಿನಲ್ಲಿ ಇದು ಕೇಂದ್ರದ ಪಾಲು ಶೇ. 2.5, ರಾಜ್ಯದ ಪಾಲು ಶೇ. 2.5 ಎಂದು ಎರಡು ಸಾಲುಗಳಲ್ಲಿ ಕಾಣಿಸುತ್ತದೆ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂ. ಮೀರುವ ದುಬಾರಿ ವಸತಿಗೃಹಗಳ ಒಳಗಿನ ರೆಸ್ಟೋರೆಂಟುಗಳಿಗೆ ಮಾತ್ರ ಶೇ. 18ರ ದರವಿದೆ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಾರ್ಷಿಕ ವಹಿವಾಟು 1.5 ಕೋಟಿ ರೂ. ಒಳಗಿರುವ, ಮದ್ಯ ಮಾರದ ಹೋಟೆಲುಗಳು 'ಕಾಂಪೊಸಿಷನ್' ಪದ್ಧತಿ ಆಯ್ದುಕೊಳ್ಳಬಹುದು. ಹಾಗೆ ಆಯ್ದುಕೊಂಡವರು ತೆರಿಗೆಯನ್ನು ತಮ್ಮ ವಹಿವಾಟಿನಿಂದಲೇ ಕಟ್ಟಬೇಕು. ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಅಂಥವರು ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಸೇರಿಸಿದರೆ ಅದು ನಿಯಮಬಾಹಿರ.

ತೆರಿಗೆ ಹಾಕುವ ಹೋಟೆಲಿನ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಣಿಯಾದ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಮುದ್ರಿಸುವುದು 2022ರ ಜನವರಿ 1ರಿಂದ ಕಡ್ಡಾಯವಾಗಿದೆ.

ಸೇವಾ ಶುಲ್ಕದ ಕಥೆ

ಹೆಸರೇ ಗೊಂದಲದ ಮೂಲ. 2017ರ ಜೂನ್‌ವರೆಗೆ ಹವಾನಿಯಂತ್ರಿತ ಹೋಟೆಲುಗಳ ಬಿಲ್ಲಿನಲ್ಲಿ ಕೇಂದ್ರದ 'ಸೇವಾ ತೆರಿಗೆ' ಇರುತ್ತಿತ್ತು. ಅದು ಜಿಎಸ್‌ಟಿಯಲ್ಲಿ ವಿಲೀನವಾಯಿತು. 'ಸೇವಾ ಶುಲ್ಕ' ಇದಕ್ಕೆ ಸಂಬಂಧವಿಲ್ಲದ್ದು. ಅದರ ಹಣ ಸರ್ಕಾರಕ್ಕೆ ಹೋಗುವುದಿಲ್ಲ, ಹೋಟೆಲಿನ ಖಾತೆಗೆ ಹೋಗುತ್ತದೆ. ದರವನ್ನು ನಿಗದಿ ಮಾಡುವುದೂ ಹೋಟೆಲೇ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೋಟೆಲುಗಳು ತಾವಾಗಿಯೇ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. ಕೊಡಲು ಒಪ್ಪದವರಿಗೆ ಪ್ರವೇಶವನ್ನಾಗಲೀ ಸೇವೆಯನ್ನಾಗಲೀ ನಿರಾಕರಿಸುವಂತಿಲ್ಲ. ಶುಲ್ಕವನ್ನು ಊಟದ ಬಿಲ್ಲಿಗೆ ಕೂಡಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಅದು ಐಚ್ಛಿಕ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಹೋಟೆಲು ಮಾಲೀಕರ ಎರಡು ರಾಷ್ಟ್ರೀಯ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ದೆಹಲಿ ಹೈಕೋರ್ಟು 2022ರ ಜುಲೈ 20ರಂದು ತಡೆಯಾಜ್ಞೆ ನೀಡಿತು. ಸುಮಾರು ಎರಡೂ ಮುಕ್ಕಾಲು ವರ್ಷದ ನಂತರ, 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅರ್ಜಿದಾರರಿಗೆ ತಲಾ 1 ಲಕ್ಷ ರೂ. ದಂಡವನ್ನೂ ವಿಧಿಸಿತು. ಕಡ್ಡಾಯ ಸೇವಾ ಶುಲ್ಕ ಕಾನೂನಿಗೆ ವಿರುದ್ಧ, ಮನಸ್ಸಾರೆ ಕೊಡುವ ಟಿಪ್ಸ್‌ಗೆ ಅಡ್ಡಿಯಿಲ್ಲ ಎಂಬುದು ತೀರ್ಪಿನ ಸಾರ. ಸಂಘಟನೆಗಳು ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿದವು. ಮಾರ್ಗಸೂಚಿಯನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ರೂಪಿಸಲಾಗಿದೆ. ಕಾಯ್ದೆ ದೇಶಕ್ಕೆಲ್ಲ ಅನ್ವಯಿಸುವುದರಿಂದ ಇದು ಬೆಂಗಳೂರಿಗೂ ಸಂಬಂಧಿಸಿದ್ದು.

42 ರೂಪಾಯಿಯ ಲೆಕ್ಕ

ನಾಲ್ವರು ಗೆಳೆಯರು ಸೇರಿ 1,600 ರೂ. ಊಟ ಮಾಡಿದರೆಂದು ಇಟ್ಟುಕೊಳ್ಳೋಣ. ಶೇ. 5ರ ಜಿಎಸ್‌ಟಿ 80 ರೂ. ಒಟ್ಟು 1,680, ತಲಾ 420 ರೂ.

ಅದೇ ಊಟಕ್ಕೆ ಶೇ. 10ರ ಸೇವಾ ಶುಲ್ಕ ಸೇರಿದರೆ ಮೊತ್ತ 1,760 ರೂ. ಅದರ ಮೇಲೆ ಜಿಎಸ್‌ಟಿ 88 ರೂ. ಒಟ್ಟು 1,848, ತಲಾ 462 ರೂ.

ಅಂದರೆ ಬಿಲ್ಲಿನಲ್ಲಿ 168 ರೂ. ಹೆಚ್ಚಾಯಿತು. ಇದರಲ್ಲಿ 8 ರೂ. ಶುಲ್ಕದ ಮೇಲಿನ ತೆರಿಗೆ. ಆದರೆ ತಲೆಗೆ ಬಂದದ್ದು 42 ರೂ. ಮಾತ್ರ. ಇಷ್ಟಕ್ಕಾಗಿ ಗೆಳೆಯರ ಮುಂದೆ ಮ್ಯಾನೇಜರನ್ನು ಕರೆಸುವುದೇ ಎಂದು ಪ್ರತಿಯೊಬ್ಬರೂ ಸುಮ್ಮನಾಗುತ್ತಾರೆ. ಗುಂಪು ದೊಡ್ಡದಾದಷ್ಟೂ ಬಿಲ್ಲು ಬೆಳೆಯುತ್ತದೆ. ಅದನ್ನು ಓದುವ ಹೊಣೆ ಮಾತ್ರ ಯಾರ ಮೇಲೂ ಬೀಳುವುದಿಲ್ಲ.

ಸಪ್ಲೈಯರ್‌ಗೆ ಸಿಗುವುದೇನು?

ಸೇವಾ ಶುಲ್ಕವನ್ನು ಸಮರ್ಥಿಸುವ ಮಾಲೀಕರ ವಾದವನ್ನು ತಳ್ಳಿಹಾಕುವಂತಿಲ್ಲ. ಟಿಪ್ಸ್ ಬಡಿಸಿದವನ ಕೈಗೆ ಮಾತ್ರ ಹೋಗುತ್ತದೆ, ಅಡುಗೆ ಮನೆಯಲ್ಲಿ ಬೆವರು ಸುರಿಸುವವನಿಗೂ ಪಾತ್ರೆ ತೊಳೆಯುವವನಿಗೂ ಪಾಲು ಸಿಗಬೇಕಾದರೆ ಶುಲ್ಕವೇ ದಾರಿ ಎಂಬುದು ಅವರ ನಿಲುವು. ಆದರೆ ವಸೂಲಾದ ಹಣ ಯಾರಿಗೆ ಎಷ್ಟು ಹಂಚಿಕೆಯಾಯಿತೆಂಬುದು ಗ್ರಾಹಕರಿಗೆ ತಿಳಿಯುವುದಿಲ್ಲ. ಶುಲ್ಕ ಕಟ್ಟಿದವರು ಅದೇ ಟಿಪ್ಸ್ ಎಂದು ಭಾವಿಸಿ ಬೇರೇನೂ ಇಡದೆ ಏಳುವುದೂ ಉಂಟು. ಆಗ ನಷ್ಟವಾಗುವುದು ಸಪ್ಲೈಯರ್‌ಗೇ. ಸೇವೆ ಮೆಚ್ಚುಗೆಯಾದರೆ ನೇರವಾಗಿ ಅವರ ಕೈಗೇ ಕೊಡುವುದು ಖಚಿತ ಮಾರ್ಗ. ತಿನಿಸಿನ ಬೆಲೆಯನ್ನೇ ಹೆಚ್ಚಿಸಿ ನೌಕರರಿಗೆ ಒಳ್ಳೆಯ ಸಂಬಳ ಕೊಡಲು ಹೋಟೆಲುಗಳಿಗೆ ಯಾವ ನಿರ್ಬಂಧವೂ ಇಲ್ಲ.

ನೀರಿನ ಬಾಟಲಿಗೆ ಬೇರೆ ನ್ಯಾಯ

ಎಲ್ಲ ವಿಷಯದಲ್ಲೂ ಕಾನೂನು ಗ್ರಾಹಕರ ಪರವಾಗಿಲ್ಲ. ಬಾಟಲಿ ನೀರನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಲು ಹೋಟೆಲುಗಳಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಹೋಟೆಲಿನಲ್ಲಿ ಗ್ರಾಹಕ ಬಾಟಲಿಯನ್ನಷ್ಟೇ ಕೊಳ್ಳುವುದಿಲ್ಲ, ಅಲ್ಲಿನ ಸೌಕರ್ಯವನ್ನೂ ಬಳಸುತ್ತಾನೆ ಎಂಬುದು ಅದರ ತರ್ಕ. ಖರ್ಚು ಬೇಡವೆನ್ನುವವರು ಸಪ್ಲೈಯರ್ ಬಾಟಲಿಯ ಮುಚ್ಚಳ ತೆರೆಯುವ ಮುನ್ನವೇ ಸಾದಾ ಕುಡಿಯುವ ನೀರು ಕೇಳುವುದು ಒಳಿತು.

ಗ್ರಾಹಕರು ಏನು ಮಾಡಬಹುದು?

* ತಿನಿಸು ತರಿಸುವ ಮೊದಲೇ ಸೇವಾ ಶುಲ್ಕ ಇದೆಯೇ ಎಂದು ವಿಚಾರಿಸಬೇಕು. ಮೆನುವಿನ ಮೂಲೆಯಲ್ಲೋ ಗೋಡೆಯ ಮೇಲೋ ಬರೆದಿದ್ದ ಮಾತ್ರಕ್ಕೆ ಅದು ಕಡ್ಡಾಯವಾಗುವುದಿಲ್ಲ.

* ಬಿಲ್ಲಿನಲ್ಲಿ ಶುಲ್ಕ ಸೇರಿದ್ದರೆ ಹಣ ಪಾವತಿಸುವ ಮುನ್ನ ತೆಗೆಯುವಂತೆ ಕೇಳಬೇಕು. ಶುಲ್ಕದೊಂದಿಗೆ ಅದರ ಮೇಲಿನ ಜಿಎಸ್‌ಟಿಯೂ ಹೋಗಿ ಹೊಸ ಬಿಲ್ಲು ಬರಬೇಕು.

* ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲಿನ ಪ್ರತಿ ಅಥವಾ ಛಾಯಾಚಿತ್ರ ಇಟ್ಟುಕೊಂಡಿರಬೇಕು.

* ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. 5 ಲಕ್ಷ ರೂ.ವರೆಗಿನ ವ್ಯವಹಾರದ ದೂರುಗಳಿಗೆ ಶುಲ್ಕವಿಲ್ಲ.

ಪಾಲು ಹಂಚುವಾಗ ಗಮನಿಸಿ

ಒಬ್ಬರು ಪೂರ್ತಿ ಬಿಲ್ಲು ಕಟ್ಟಿ, ಉಳಿದವರಿಗೆ ಯುಪಿಐ ಮೂಲಕ ಹಣದ ಬೇಡಿಕೆ ಕಳುಹಿಸುವ ರೂಢಿ ಈಚೆಗೆ ಬದಲಾಗಿದೆ. ವಂಚನೆ ತಡೆಯುವ ಉದ್ದೇಶದಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್' ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಈಗ ಗೆಳೆಯರು ತಾವಾಗಿಯೇ ತಮ್ಮ ಪಾಲು ಕಳುಹಿಸಬೇಕು. ಹಾಗಾಗಿ ಮೇಜಿನಿಂದ ಏಳುವ ಮೊದಲೇ ಬಿಲ್ಲನ್ನು ಒಮ್ಮೆ ಎಲ್ಲರೂ ನೋಡಿ ಲೆಕ್ಕ ಮುಗಿಸುವುದು ಸೂಕ್ತ. ಶುಲ್ಕದ ಸಾಲು ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ, ಕೇಳುವ ಹೊಣೆಯೂ ಒಬ್ಬರ ತಲೆಗೇ ಬರುವುದಿಲ್ಲ.