ಬಾಯಿಯ ನಿಪ್ಪಲ್, ನಿದ್ದೆಯ ನಂಟು

ಗಲ್ಫಿನಿಂದ ರಜೆಗೆ ಬರುವ ಮಾವ ಬಿಚ್ಚುವ ಸೂಟ್‌ಕೇಸಿನಲ್ಲಿ ಖರ್ಜೂರ, ಸಾಬೂನು, ಸೆಂಟಿನ ಜೊತೆಗೆ ಹೊಸ ಕೂಸಿಗೆಂದು ಒಂದು ಚೀಪುವ ನಿಪ್ಪಲ್ ಇರುವುದು ಶಿರೂರು, ಬೈಂದೂರು, ಗಂಗೊಳ್ಳಿ ಕಡೆಯ ಮನೆಗಳಲ್ಲಿ ಹೊಸತೇನಲ್ಲ. ಈಗಂತೂ ಮಾವನಿಗೆ ಕಾಯಬೇಕಾಗಿಯೂ ಇಲ್ಲ. ಕುಂದಾಪುರ ಪೇಟೆಯಲ್ಲೋ ಬ್ರಹ್ಮಾವರದಲ್ಲೋ ಮೆಡಿಕಲ್ ಶಾಪಿಗೆ ಹೋಗಿ ಕೇಳಿದರೆ ಸಿಗುತ್ತದೆ. ಕೊಡುವುದು ಸುಲಭ. ಮಗುವಿಗೆ ಎರಡು ತುಂಬಿ, ಅಂಗನವಾಡಿಗೆ ಕಳಿಸುವ ಮಾತು ಮನೆಯಲ್ಲಿ ಶುರುವಾದಾಗ ಅದನ್ನು ಬಿಡಿಸುವುದು ಹೇಗೆಂಬ ಚಿಂತೆ ಹತ್ತುತ್ತದೆ. ಹಗಲು ಹೇಗೋ ಆಟದಲ್ಲಿ ಮರೆಸಬಹುದು, ರಾತ್ರಿ ಮಾತ್ರ ಆಗುವುದಿಲ್ಲ ಎಂದು ಬಹುತೇಕ ತಾಯಂದಿರು ಹೇಳುತ್ತಾರೆ. ಅವರು ಹೇಳುವುದು ಸರಿ. ಎರಡು ವರ್ಷದ ಮಗುವಿಗೆ ನಿಪ್ಪಲ್ ಬಾಯಿಯ ಅಗತ್ಯವಾಗಿ ಉಳಿದಿರುವುದಿಲ್ಲ, ನಿದ್ದೆಯ ಅಗತ್ಯವಾಗಿರುತ್ತದೆ. ಬಿಡಿಸುವ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.

ಚೀಪುವುದು ಮಗು ಹುಟ್ಟಿದ ಮೇಲೆ ಕಲಿತ ಚಟವಲ್ಲ. ಹೊಟ್ಟೆಯಲ್ಲಿರುವಾಗಲೇ ಹೆಬ್ಬೆರಳು ಬಾಯಿಗೆ ಹೋಗುವುದನ್ನು ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು. ಬೆಲ್ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಗರ್ಭದಲ್ಲಿ ಯಾವ ಹೆಬ್ಬೆರಳು ಚೀಪುತ್ತಿದ್ದವೆಂದು ಗುರುತು ಹಾಕಿಟ್ಟಿದ್ದ 75 ಮಕ್ಕಳನ್ನು, ಅವರಿಗೆ ಹತ್ತು-ಹನ್ನೆರಡು ವರ್ಷವಾದಾಗ ಮತ್ತೆ ನೋಡಿ 2005ರಲ್ಲಿ ವರದಿ ಮಾಡಿದರು. ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಮಂದಿ ಎಡಗೈಯವರು. ಅಷ್ಟು ಹಳೆಯ ನಂಟು ಇದು. ಆಲದೆಲೆಯ ಮೇಲೆ ಮಲಗಿ ಕಾಲಿನ ಹೆಬ್ಬೆರಳು ಚೀಪುವ ಕೃಷ್ಣನ ಪಟ ಯಾರ ಮನೆಯ ಗೋಡೆಯಲ್ಲಿ ಇಲ್ಲ? ಅದನ್ನು ಬರೆದವರು ಕೂಸುಗಳನ್ನು ಚೆನ್ನಾಗಿ ನೋಡಿದವರೇ ಇರಬೇಕು.

ಹಾಲಿಗಾಗಿ ಚೀಪುವುದೂ ಬರಿದೇ ಚೀಪುವುದೂ ಒಂದೇ ಅಲ್ಲ. ಹಾಲು ಬರುತ್ತಿದ್ದರೆ ಕೂಸು ಸೆಕೆಂಡಿಗೆ ಸುಮಾರು ಒಂದು ಸಲ ಎಳೆಯುತ್ತದೆ. ಏನೂ ಬಾರದ ನಿಪ್ಪಲ್ಲಾದರೆ ಸೆಕೆಂಡಿಗೆ ಎರಡು ಸಲ, ಅದೂ ಸ್ವಲ್ಪ ಹೊತ್ತು ಎಳೆದು, ನಿಲ್ಲಿಸಿ, ಮತ್ತೆ ಎಳೆಯುವ ಲಯದಲ್ಲಿ. ಸಂಶೋಧಕ ಪೀಟರ್ ವೋಲ್ಫ್ ಇದನ್ನು 1968ರಲ್ಲೇ ದಾಖಲಿಸಿದರು. ಈ ಎರಡನೆಯ ಲಯಕ್ಕೆ ಹೊಟ್ಟೆ ತುಂಬಿಸುವ ಕೆಲಸವಿಲ್ಲ, ಮೈಯನ್ನು ಶಾಂತಗೊಳಿಸುವುದೇ ಅದರ ಕೆಲಸ. ಸೂಜಿ ಚುಚ್ಚುವಾಗ ಬಾಯಲ್ಲಿ ಏನಾದರೂ ಇದ್ದರೆ ಕೂಸು ಕಡಿಮೆ ಅಳುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಗಳಲ್ಲಿ ಇಂಥ ಚೀಪುವಿಕೆಯನ್ನು ಅಭ್ಯಾಸ ಮಾಡಿಸುವುದೂ ಉಂಟು. ಹಾಗಾಗಿ ನಿಪ್ಪಲ್ ಕೊಟ್ಟ ತಾಯಿಯನ್ನು ಸೋಮಾರಿ ಎಂದು ಬೈಯುವವರ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಬಟ್ಟೆ ತುಂಡಿನಲ್ಲಿ ಸಿಹಿ ಕಟ್ಟಿ ಬಾಯಿಗಿಡುವುದು ಯುರೋಪಿನಲ್ಲಿ ಹಳೆಯ ರೂಢಿ. ಜರ್ಮನಿಯ ಚಿತ್ರಕಾರ ಡ್ಯೂರರ್ 1506ರಲ್ಲಿ ಬರೆದ ಒಂದು ಚಿತ್ರದಲ್ಲಿ ಬಾಲಯೇಸುವಿನ ಕೈಯಲ್ಲಿ ಅಂಥ ಗಂಟು ಇದೆ. ಇಂದಿನ ರೂಪದ ರಬ್ಬರ್ ನಿಪ್ಪಲ್ಲಿಗೆ ನ್ಯೂಯಾರ್ಕಿನ ಕ್ರಿಸ್ಟಿಯನ್ ಮೈನೆಕೆ ಪೇಟೆಂಟ್ ಪಡೆದದ್ದು 1900ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲಿನ ಹತ್ತು ಸೂತ್ರ ಹೊರಡಿಸಿದಾಗ, ಮೊಲೆಹಾಲು ಕುಡಿಯುವ ಮಕ್ಕಳಿಗೆ ನಿಪ್ಪಲ್ ಕೊಡಲೇಬೇಡಿ ಎಂದವು. 2018ರ ಪರಿಷ್ಕರಣೆಯಲ್ಲಿ ಅದು ಮೆತ್ತಗಾಯಿತು: ತಾಯಿಗೆ ಅದರ ಬಳಕೆ, ಅಪಾಯ ಎರಡನ್ನೂ ತಿಳಿಸಿ ಹೇಳಿ ಎಂದಾಯಿತು. ನಡುವೆ 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಮಲಗಿಸುವಾಗ ನಿಪ್ಪಲ್ ಕೊಡಬಹುದು, ನಿದ್ದೆಯಲ್ಲೇ ಹಠಾತ್ತಾಗಿ ಕೂಸು ತೀರಿಕೊಳ್ಳುವ ಅಪಾಯ ಅದರಿಂದ ಕಡಿಮೆಯಾಗುತ್ತದೆ ಎಂದು ಹೇಳಿತ್ತು. ಆ ಅಪಾಯ ಇರುವುದು ಮೊದಲ ವರ್ಷದಲ್ಲಿ. ಒಂದು ತುಂಬಿದ ಮೇಲೆ ಆ ಲಾಭವೂ ಮುಗಿಯಿತು.

ಆಮೇಲೆ ತಕ್ಕಡಿ ಇನ್ನೊಂದು ಕಡೆ ವಾಲತೊಡಗುತ್ತದೆ. ಮೊದಲ ಪೆಟ್ಟು ಕಿವಿಗೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಳಿಗೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಕಡಿಮೆ ಅಡ್ಡಡ್ಡ; ಇಳಿಜಾರಿಲ್ಲದ ದಂಬೆಯಲ್ಲಿ ನೀರು ನಿಂತಂತೆ ಅಲ್ಲಿ ಕಫ ನಿಲ್ಲುತ್ತದೆ. ಸದಾ ಚೀಪುತ್ತಿದ್ದರೆ ಅಲ್ಲಿಯ ಒತ್ತಡ ಏರುಪೇರಾಗಿ ಗಂಟಲ ಕಡೆಯ ಸೋಂಕು ಕಿವಿಗೆ ಏರುವ ದಾರಿ ಸಲೀಸಾಗುತ್ತದೆ. ಫಿನ್ಲೆಂಡಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಆರು ತಿಂಗಳಾದ ಮೇಲೆ ನಿದ್ದೆ ಹತ್ತುವ ಹೊತ್ತಿಗೆ ಮಾತ್ರ ನಿಪ್ಪಲ್ ಕೊಡಿ ಎಂದು ಒಂದು ಗುಂಪಿನ ತಂದೆತಾಯಿಗಳಿಗೆ ತಿಳಿಸಿ ಹೇಳಿದರು. ಆ ಗುಂಪಿನ ಮಕ್ಕಳಲ್ಲಿ ಕಿವಿಯ ಸೋಂಕು ಶೇ. 29ರಷ್ಟು ಕಡಿಮೆ ಕಂಡಿತು. ಪೂರ್ತಿ ನಿಲ್ಲಿಸಿ ಎಂದು ಅವರಾರೂ ಹೇಳಿರಲಿಲ್ಲ, ಹೊತ್ತು ಕಡಿಮೆ ಮಾಡಿದ್ದಕ್ಕೇ ಇಷ್ಟು ಫಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಗಡಿ ಬಿಡದ ನಮ್ಮ ಕರಾವಳಿಯ ತಾಯಂದಿರಿಗೆ ನಿಜಕ್ಕೂ ಉಪಯೋಗದ್ದು.

ಎರಡನೆಯದು ಹಲ್ಲು. ಎರಡೂವರೆ-ಮೂರು ವರ್ಷಕ್ಕೆ 20 ಹಾಲುಹಲ್ಲೂ ಬಂದಿರುತ್ತವೆ. ಬಹಳ ಹೊತ್ತು ನಿಪ್ಪಲ್ ಚೀಪುವ ಮಗುವಿಗೆ ಹಿಂದಿನ ಹಲ್ಲು ಕಚ್ಚಿ ನಗಲು ಹೇಳಿ ನೋಡಿ: ಮುಂದಿನ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸೇರದೆ, ನಡುವೆ ನಿಪ್ಪಲ್ಲಿನದೇ ಆಕಾರದ ಒಂದು ಕಿಂಡಿ ಕಾಣುತ್ತದೆ. ಅಡ್ಡ ಏನೋ ಇದ್ದುದರಿಂದ ಆ ಹಲ್ಲುಗಳು ಪೂರ್ತಿ ಇಳಿಯಲಿಲ್ಲ, ಏರಲಿಲ್ಲ. ಹಿಂದಿನ ತೊಂದರೆ ಇನ್ನೂ ಸೂಕ್ಷ್ಮ. ಸಹಜವಾಗಿ ನಾಲಗೆ ಅಂಗುಳಕ್ಕೆ ಒತ್ತಿಕೊಂಡಿದ್ದು ಮೇಲ್ದವಡೆಯನ್ನು ಒಳಗಿನಿಂದ ಅಗಲಕ್ಕೆ ಹಿಡಿದಿರುತ್ತದೆ. ಬಾಯಲ್ಲಿ ನಿಪ್ಪಲ್ ಇದ್ದರೆ ನಾಲಗೆ ಕೆಳಗೆ ಬೀಳುತ್ತದೆ. ಚೀಪುವ ಕೆನ್ನೆಯ ಸ್ನಾಯು ಹೊರಗಿನಿಂದ ಒತ್ತುತ್ತದೆ. ಒಳಗೆ ತಡೆಯುವವರಿಲ್ಲದೆ ಮೇಲ್ದವಡೆ ಕಿರಿದಾಗಿ, ಮೇಲಿನ ದವಡೆಹಲ್ಲು ಕೆಳಗಿನದರ ಒಳಗೆ ಕೂರುತ್ತದೆ. ಮುಂದಿನ ಕಿಂಡಿ, ಮೂರು ವರ್ಷದೊಳಗೆ ನಿಪ್ಪಲ್ ಬಿಟ್ಟರೆ, ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಹಿಂದಿನ ಅಡ್ಡಕಚ್ಚು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. ಅದಕ್ಕೇ ಮಕ್ಕಳ ದಂತವೈದ್ಯರು 36 ತಿಂಗಳ ಗಡುವು ಹೇಳುವುದು.

ನಿಪ್ಪಲ್ಲನ್ನೂ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಹಳದಿ ಬಣ್ಣದ್ದಾದರೆ ರಬ್ಬರ್, ಪಾರದರ್ಶಕವಾದರೆ ಸಿಲಿಕೋನ್. ರಬ್ಬರ್ ಬಿಸಿಲಿಗೆ, ಸೆಖೆಗೆ ಬೇಗ ಅಂಟಂಟಾಗುತ್ತದೆ. ಸಿಲಿಕೋನಿನಲ್ಲಿ ಹಲ್ಲಿನ ಗುರುತಿನಿಂದಲೇ ಸೀಳು ಶುರು. ಎಳೆದು ನೋಡಿದಾಗ ಬಿರುಕು ಕಂಡರೆ ಅಂದೇ ಬಿಸಾಡಿ, ಕಿತ್ತುಬಂದ ತುಂಡು ಉಸಿರುನಾಳಕ್ಕೆ ಹೋಗಬಹುದು. ತುದಿ ಕತ್ತರಿಸಿ ಕೊಟ್ಟರೆ ರುಚಿ ಕೆಟ್ಟು ಮಗು ತಾನೇ ಬಿಡುತ್ತದೆ ಎಂಬ ಉಪಾಯವನ್ನು ನಾನು ಖಂಡಿತ ಬೇಡವೆನ್ನುವುದು ಇದೇ ಕಾರಣಕ್ಕೆ. ದಾರ ಕಟ್ಟಿ ಕೊರಳಿಗೆ ಹಾಕುವುದೂ ಬೇಡ. ಜೇನಿನಲ್ಲಿ ಅದ್ದಿ ಕೊಡುವುದಂತೂ ಒಂದು ವರ್ಷದೊಳಗಿನ ಕೂಸಿಗೆ ಜೀವಕ್ಕೇ ಅಪಾಯ, ಜೇನಿನಲ್ಲಿರಬಹುದಾದ ಬೊಟುಲಿನಮ್ ಬೀಜಾಣು ಎಳೆಗರುಳಿನಲ್ಲಿ ಮೊಳೆಯಬಲ್ಲದು. ದೊಡ್ಡ ಮಗುವಿಗಾದರೆ ಹಲ್ಲು ಹುಳುಕು.

ಇನ್ನು ಬಿಡಿಸುವ ಮಾತು. ನಾವೆಲ್ಲ ರಾತ್ರಿ ಹಲವು ಸಲ ಅರೆಎಚ್ಚರವಾಗಿ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಬೆಳಿಗ್ಗೆ ನೆನಪೂ ಇರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಈ ನಿದ್ದೆಯ ಸುತ್ತು ಇನ್ನೂ ಗಿಡ್ಡ. ನಿಪ್ಪಲ್ ಬಾಯಲ್ಲಿಟ್ಟೇ ಮಲಗಿದ ಮಗು ಅರೆಎಚ್ಚರದಲ್ಲಿ ಅದು ಬಾಯಲ್ಲಿಲ್ಲವೆಂದು ಕಂಡು ಪೂರ್ತಿ ಎಚ್ಚರವಾಗುತ್ತದೆ. ಹಾಗಾಗಿ ಮೊದಲು ಹಗಲಿನ ಬಳಕೆ ನಿಲ್ಲಿಸಿ, ನಿಪ್ಪಲ್ ಹಾಸಿಗೆ ಬಿಟ್ಟು ಹೊರಗೆ ಬಾರದಂತೆ ಮಾಡಿ. ಆಮೇಲೆ ಮಲಗುವ ಹೊತ್ತಿಗೆ ಬೇರೊಂದು ಗುರುತು ಕಟ್ಟಿ: ಅದೇ ಜೋಗುಳ, ಅದೇ ಬೆನ್ನು ತಟ್ಟುವ ಕೈ, ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು. ತಾಯಿಯ ಮಡಿಲಿಗೂ ಹೊರಜಗತ್ತಿಗೂ ನಡುವೆ ಮಗು ಹಿಡಿದುಕೊಳ್ಳುವ ಇಂಥ ವಸ್ತುವಿನ ಬಗ್ಗೆ ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದಲ್ಲೇ ಬರೆದಿದ್ದಾರೆ. ಈ ಗುರುತು ರೂಢಿಯಾದ ಮೇಲೆ ನಿಪ್ಪಲ್ ತೆಗೆದರೆ ಮಗುವಿನ ಕೈ ಖಾಲಿಯಾಗುವುದಿಲ್ಲ.

ತೆಗೆದ ಮೊದಲ ರಾತ್ರಿಗಳಲ್ಲಿ ಅಳು ಹೆಚ್ಚೇ ಆಗುತ್ತದೆ, ಇದನ್ನು ಮನೆಯವರೆಲ್ಲ ಮೊದಲೇ ತಿಳಿದಿರಬೇಕು. ಸಿಗುತ್ತಿದ್ದದ್ದು ನಿಂತಾಗ ಕೊನೆಯ ಬಾರಿಗೆ ಜೋರಾಗಿ ಕೇಳುವುದು ಎಲ್ಲ ಜೀವಿಗಳ ಸ್ವಭಾವ. ಸರಿಯಾಗಿ ಆ ಹೊತ್ತಿಗೇ ಪಕ್ಕದ ಕೋಣೆಯಿಂದ “ಕೂಸ್ ಮರ್ಕತ್ ಕಾಣ್, ಕೊಡ್ ಅದ್ನ್” ಎಂಬ ಅಜ್ಜಿಯ ದನಿ ಬರುತ್ತದೆ. ಕೊಟ್ಟುಬಿಟ್ಟರೆ, ಅರ್ಧ ಗಂಟೆ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಬಹುಮಾನಕ್ಕೇ ಪ್ರಾಣಿಗಳು ಹೆಚ್ಚು ಹಟ ಹಿಡಿಯುತ್ತವೆ ಎಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದೂ ಇದನ್ನೇ. ಅಜ್ಜಿಯನ್ನು ದೂರಬೇಡಿ, ಆಕೆಯನ್ನೇ ಮೊದಲು ಜೊತೆಗೆ ಸೇರಿಸಿಕೊಳ್ಳಿ; ಬೆನ್ನು ತಟ್ಟಿ ಮಲಗಿಸುವುದರಲ್ಲಿ ಆಕೆಯಷ್ಟು ನುರಿತವರು ಮನೆಯಲ್ಲಿ ಬೇರಾರಿದ್ದಾರೆ? ಅಳುವ ಮಗುವನ್ನು ಒಂಟಿಯಾಗಿ ಬಿಡುವುದೂ ಬೇಕಾಗಿಲ್ಲ. ಎತ್ತಿಕೊಳ್ಳಿ, ಆಡಿಸಿ, ನಿಪ್ಪಲ್ ಒಂದನ್ನು ಕೊಡಬೇಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ವಾರದಲ್ಲಿ ಇಳಿಯುತ್ತದೆ.

ಹೊತ್ತು ನೋಡಿ ಆರಂಭಿಸಬೇಕು. ತವರಿನಿಂದ ಗಂಡನ ಮನೆಗೆ, ಅಲ್ಲಿಂದ ಬೆಂಗಳೂರಿಗೆ ಓಡಾಡುವ ಕುಟುಂಬಗಳು ನಮ್ಮಲ್ಲಿ ಬಹಳ. ಪಂಚಗಂಗಾ ರೈಲಿನಲ್ಲಿ ನಡುರಾತ್ರಿ ಮಗು ಅತ್ತರೆ ಬೋಗಿಯವರ ಮುಖ ನೋಡಿ ತಾಯಿ ಕೊಟ್ಟೇ ಕೊಡುತ್ತಾಳೆ, ಅದು ಸಹಜ. ಪ್ರಯಾಣ, ಜ್ವರ, ಹೊಸ ತಮ್ಮನೋ ತಂಗಿಯೋ ಬಂದ ತಿಂಗಳು, ಅಂಗನವಾಡಿಯ ಮೊದಲ ವಾರ, ಇವನ್ನು ಬಿಟ್ಟು ಉಳಿದ ಯಾವುದಾದರೂ ನೆಮ್ಮದಿಯ ವಾರ ಸಾಕು. ಮೂರರ ಹತ್ತಿರದ ಮಗುವಿಗೆ ಮಾತು ಅರ್ಥವಾಗುತ್ತದೆ. ವಿಜಯದಶಮಿಗೆ ಕೊಲ್ಲೂರಿನಲ್ಲಿ ಅಕ್ಷರಾಭ್ಯಾಸ ಮಾಡಿಸುವವರು, ಅಕ್ಷರ ಬರೆಯುವ ದೊಡ್ಡ ಮಕ್ಕಳಿಗೆ ಇದು ಬೇಡ ಎಂದು ಮೊದಲೇ ಹೇಳಿ, ಆ ದಿನಕ್ಕೆ ಮಗುವನ್ನು ಸಿದ್ಧಗೊಳಿಸಬಹುದು.

ಮೊಲೆ ಬಿಡಿಸಲು ಬೇವಿನ ರಸ ಹಚ್ಚಿದಂತೆ ನಿಪ್ಪಲ್ಲಿಗೂ ಕಹಿ ಹಚ್ಚುವವರಿದ್ದಾರೆ, ಮೆಣಸು ಸವರುವವರೂ ಇದ್ದಾರೆ. ಮೆಣಸಿನ ಕೈಯನ್ನು ಮಗು ಕಣ್ಣಿಗೆ ಒತ್ತಿಕೊಂಡರೆ ಆಗುವ ಗೋಳು ಬೇರೆ. ನೆಮ್ಮದಿಗೆಂದು ನಾವೇ ಕೊಟ್ಟ ವಸ್ತು ಒಂದು ರಾತ್ರಿ ಎಚ್ಚರಿಕೆಯಿಲ್ಲದೆ ಬಾಯಿ ಸುಡುವಂತೆ ಮಾಡುವುದು ಸಲ್ಲದು. ಕೆಲವು ಮಕ್ಕಳು ನಿಪ್ಪಲ್ ಬಿಟ್ಟು ಹೆಬ್ಬೆರಳು ಹಿಡಿಯುತ್ತವೆ. ಗದರಿಸಿದರೆ ಅದು ಹೆಚ್ಚುತ್ತದೆ, ಕೈಗೆ ಕೆಲಸ ಕೊಟ್ಟರೆ ಕಡಿಮೆಯಾಗುತ್ತದೆ. ನಾಲ್ಕು ದಾಟಿದರೂ ಚೀಪುವುದು ನಿಲ್ಲದಿದ್ದರೆ, ಇಲ್ಲವೇ ನಿಂತ ಮೇಲೂ ದವಡೆಹಲ್ಲು ಅಡ್ಡ ಕೂತಿದ್ದರೆ ಮಕ್ಕಳ ದಂತವೈದ್ಯರಿಗೆ ತೋರಿಸಬೇಕು. 1965ರಲ್ಲಿ ಆರಂಭವಾದ ಮಣಿಪಾಲದ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗವಿದೆ. ಆರನೆಯ ವರ್ಷಕ್ಕೆ ಶಾಶ್ವತ ಹಲ್ಲು ಬರತೊಡಗುವ ಮುಂಚೆ ಹೋದರೆ ಮೇಲ್ದವಡೆಯನ್ನು ಮೆಲ್ಲಗೆ ಅಗಲಿಸುವ ಚಿಕ್ಕ ಸಾಧನ ಕೂರಿಸಿ ಸರಿಪಡಿಸಲು ಅವಕಾಶ ಇರುತ್ತದೆ.