ಒಂಟಿಕಾಲಿನ ಮೇಲೆ ಹತ್ತು ಎಣಿಸುವವರೆಗೆ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಆರು ವರ್ಷದ ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಒಳಗೆ ಬರುವಾಗಲೇ ಹುಡುಗ ಹೊಸ್ತಿಲು ಎಡವಿ ಬಾಗಿಲ ಪಕ್ಕದ ಸ್ಟೂಲನ್ನು ಉರುಳಿಸಿದ. "ನೋಡಿದಿರಾ ಡಾಕ್ಟರೇ, ಮನೆಯಲ್ಲೂ ಹೀಗೆಯೇ. ಹಾಲಿನ ಲೋಟ ಕೊಟ್ಟರೆ ಅರ್ಧ ನೆಲದ ಪಾಲು. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಹೋಗುತ್ತಾನೆ" ಎಂದರು ಆಕೆ. ಶಾಲೆಯಲ್ಲಿ ಅವನು ಬೆಂಚಿನಿಂದ ಬೀಳುತ್ತಿದ್ದನಂತೆ. ಬೇಕೆಂದೇ ಬೀಳುತ್ತಾನೆಂಬುದು ಅಲ್ಲಿನವರ ತೀರ್ಮಾನ. ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಿಕೊಳ್ಳಿರೆಂದೂ ಸೂಚಿಸಿದ್ದರು.

ಹುಡುಗನಿಗೆ ಒಂಟಿಕಾಲಿನ ಮೇಲೆ ನಿಲ್ಲಲು ಹೇಳಿದೆ. ಐದಾರು ವರ್ಷದ ಹೆಚ್ಚಿನ ಮಕ್ಕಳು ಹತ್ತು ಸೆಕೆಂಡಿನಷ್ಟು ಕಾಲ ಹೀಗೆ ನಿಲ್ಲಬಲ್ಲರು. ಇವನು ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸುತ್ತ, ತುಟಿ ಕಚ್ಚಿಕೊಂಡು, ನಾನು ಐದು ಎಣಿಸುವವರೆಗೆ ನಿಂತ. "ಹಾಗೆಯೇ ನಿಂತು ನಿನಗಿಷ್ಟವಾದ ಹಣ್ಣುಗಳ ಹೆಸರು ಹೇಳಪ್ಪಾ" ಎಂದೆ. "ಮಾವು" ಎಂದ. ಎರಡನೆಯದು ನೆನಪಿಗೆ ಬರುವಷ್ಟರಲ್ಲಿ ಕಾಲು ನೆಲಕ್ಕೆ ತಾಗಿತ್ತು.

ನಿಲ್ಲುವುದು ನಮಗೆ ಒಂದು ಕೆಲಸವೆಂದೇ ತೋರುವುದಿಲ್ಲ. ಆದರೆ ದೇಹ ನೆಟ್ಟಗಿರಬೇಕಾದರೆ ಮೂರು ಕಡೆಯ ಸುದ್ದಿ ಮೆದುಳಿಗೆ ಬರುತ್ತಲೇ ಇರಬೇಕು. ಕಣ್ಣು ಒಂದು, ಸ್ನಾಯು, ಕೀಲು, ಅಂಗಾಲುಗಳು ಇನ್ನೊಂದು, ಮೂರನೆಯದು ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗಿದುದನ್ನು ತಿಳಿಸುತ್ತವೆ; ಪಕ್ಕದ ಎರಡು ಪುಟ್ಟ ಚೀಲಗಳು ಸುಣ್ಣದ ಸೂಕ್ಷ್ಮ ಹರಳುಗಳ ನೆರವಿನಿಂದ ತಲೆ ವಾಲಿದುದನ್ನು ತಿಳಿಸುತ್ತವೆ. ಈ ಸುದ್ದಿಗಳನ್ನು ಹೋಲಿಸಿ ಕ್ಷಣಕ್ಷಣವೂ ತಿದ್ದುಪಡಿ ಮಾಡುವಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಬೆಳೆದವರಲ್ಲಿ ಇದು ಬಹುಮಟ್ಟಿಗೆ ತಾನಾಗಿ ನಡೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಏರ್ಪಾಡು ಇನ್ನೂ ಪಳಗಿರುವುದಿಲ್ಲ. ಅವರು ಕಣ್ಣನ್ನೇ ಹೆಚ್ಚು ನೆಚ್ಚುತ್ತಾರೆ. ತಾನಾಗಿ ನಡೆಯದ ಕೆಲಸಕ್ಕೆ ಗಮನವನ್ನು ವೆಚ್ಚಮಾಡಬೇಕು. ಬೀಳದೆ ಕೂರುವುದಕ್ಕೇ ಗಮನದ ಒಂದು ಪಾಲು ಹೋದರೆ, ಕಪ್ಪುಹಲಗೆಗೆ ಉಳಿಯುವುದೆಷ್ಟು? ನಮ್ಮ ಅಷ್ಟಾವಧಾನಿಗಳು ಎಂಟು ಕಡೆಗೆ ಚಿತ್ತ ಹರಿಸುವವರು ನಿಜ. ಆದರೆ ಅವರೂ ಅದನ್ನು ಒಂಟಿಕಾಲಿನ ಮೇಲೆ ನಿಂತು ಮಾಡುವುದಿಲ್ಲ.

ಇಂಥ ಮಗು ಹೊಸದೇನಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಖ್ ಹಾಫ್‌ಮನ್ 1840ರ ದಶಕದಲ್ಲಿ ಬರೆದ ಮಕ್ಕಳ ಪದ್ಯಕಥೆಯೊಂದರಲ್ಲಿ ಫಿಲಿಪ್ ಎಂಬ ಹುಡುಗ ಊಟದ ಮೇಜಿನೆದುರು ಕುರ್ಚಿಯನ್ನು ತೂಗಾಡಿಸಿ, ಮೇಜುಬಟ್ಟೆಯನ್ನೂ ಸೆಳೆದುಕೊಂಡು ಬೀಳುತ್ತಾನೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸಗಳನ್ನಿತ್ತು, ದೋಷ ಬುದ್ಧಿಯದಲ್ಲ, ನೈತಿಕ ಸಂಯಮದ್ದು ಎಂದರು. ಆ 'ನೈತಿಕ' ಎಂಬ ಮಾತು ನಮ್ಮ ಶಾಲೆಗಳನ್ನು ಇನ್ನೂ ಬಿಟ್ಟುಹೋಗಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಗಮನದ ಕೊರತೆ ಎಂಬ ಹೆಸರು ಬಂದದ್ದು 1980ರಲ್ಲಿ, ಎ.ಡಿ.ಎಚ್.ಡಿ. ಎಂಬ ಇಂದಿನ ರೂಪ 1987ರದು.

ಇಲ್ಲಿ ಎಚ್ಚರ ಬೇಕು. ಸಮತೋಲ ತಪ್ಪುವುದರಿಂದಲೇ ಗಮನ ಕೆಡುತ್ತದೆಂದು ನಾನು ಹೇಳುತ್ತಿಲ್ಲ. ಎ.ಡಿ.ಎಚ್.ಡಿ. ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೈಕಾಲುಗಳ ಹೊಂದಾಣಿಕೆಯ ತೊಂದರೆಯೂ ಇರುತ್ತದೆ. ಕಿರುಮೆದುಳು ಮುಂಮೆದುಳಿನೊಡನೆ ಹೆಣೆದುಕೊಂಡಿದೆ. ಈ ಮಕ್ಕಳಲ್ಲಿ ಅದರ ಗಾತ್ರ ಸರಾಸರಿಯಲ್ಲಿ ತುಸು ಕಡಿಮೆಯೆಂದು ಕೆಲವು ಅಧ್ಯಯನಗಳು ಕಂಡಿವೆ. ಸರಾಸರಿಯ ಮಾತು ಎದುರಿಗಿರುವ ಒಂದು ಮಗುವಿಗೆ ಅನ್ವಯಿಸದು. ಒಂಟಿಕಾಲಿನ ಪರೀಕ್ಷೆಯೂ ರೋಗನಿರ್ಣಯವಲ್ಲ. ಚಾಂಚಲ್ಯ ಹನ್ನೆರಡು ವರ್ಷದೊಳಗೆ ತೊಡಗಿ, ಆರು ತಿಂಗಳಾದರೂ ಇದ್ದು, ಮನೆ ಶಾಲೆ ಎರಡರಲ್ಲೂ ತೊಡಕಾಗಿರಬೇಕು. ಮೊದಲು ಕಿವಿ ನೋಡಿಸಿ. ತಮಟೆಯ ಹಿಂದೆ ನೀರು ನಿಂತ ಮಗು ಕರೆದರೆ ಓಗೊಡುವುದಿಲ್ಲ, ನಡೆದರೆ ತಡವರಿಸುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಸಮತೋಲದ ವ್ಯಾಯಾಮದಿಂದ ಗಮನದೋಷ ಗುಣವಾಗುತ್ತದೆಂದು ಹಣ ಪಡೆಯುವವರಿದ್ದಾರೆ. ಅಭ್ಯಾಸದಿಂದ ಸಮತೋಲ ಸುಧಾರಿಸುವುದು ನಿಜ. ಅದರಿಂದ ಗಮನವೂ ಸರಿಹೋಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕುಂಟೆಬಿಲ್ಲೆ ಆಡಿಸಿ, ಅದಕ್ಕೆ ಖರ್ಚಿಲ್ಲ.

ನನ್ನ ತಪ್ಪೊಂದನ್ನು ಹೇಳಲೇಬೇಕು. ಈ ಹುಡುಗನಿಗೂ ಬಹಳ ಮೊದಲು ಬಾಲಕಿಯೊಬ್ಬಳನ್ನು ಕರೆತಂದಿದ್ದರು. ಗಲಾಟೆಯಿಲ್ಲ, ತುಂಟತನವಿಲ್ಲ, ಕಿಟಕಿಯಾಚೆ ನೋಡುತ್ತಿರುತ್ತಾಳೆ, ಮೆಟ್ಟಿಲಲ್ಲಿ ಬೀಳುತ್ತಾಳೆ ಎಂದಷ್ಟೇ ದೂರು. "ಬೆಳೆದಂತೆ ಸರಿಹೋಗುತ್ತದಮ್ಮಾ" ಎಂದು ಕಳುಹಿಸಿದೆ. ಎಂಟನೆಯ ತರಗತಿಯಲ್ಲಿ ಅವಳು ಶಾಲೆ ಬಿಟ್ಟಳೆಂದು ಆಮೇಲೆ ತಿಳಿಯಿತು. ಅತಿಚಟುವಟಿಕೆಯಿಲ್ಲದ ಗಮನದೋಷ, ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ, ಹೀಗೆ ಕಣ್ತಪ್ಪಿ ಹೋಗುತ್ತದೆ.

ಹುಡುಗನ ಕಿವಿ, ಕಣ್ಣು ಸರಿಯಾಗಿದ್ದವು. ಮಕ್ಕಳ ಮನೋವೈದ್ಯರು ಎ.ಡಿ.ಎಚ್.ಡಿ. ಎಂದೇ ನಿರ್ಣಯಿಸಿದರು. ಆರು ವರ್ಷದೊಳಗಿನವರಿಗೆ ಮೊದಲು ತಂದೆತಾಯಿಗಳಿಗೇ ತರಬೇತಿ, ಅನಂತರ ಬೇಕಾದರೆ ಔಷಧ ಎಂಬುದು ಕ್ರಮ. ಇವನು ಆ ಗಡಿ ದಾಟಿದ್ದರೂ ತರಬೇತಿಯಿಂದಲೇ ತೊಡಗಿದರು. ಶಾಲೆಗೆ ಹೋಗಿ ನೋಡಿದೆ. ಬೆಂಚಿನ ಎತ್ತರಕ್ಕೆ ಅವನ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಕೆಳಗೆ ಒಂದು ಹಲಗೆಪೆಟ್ಟಿಗೆ ಇಡಿಸಿದೆವು. ಒಮ್ಮೆಗೆ ಒಂದೇ ಸೂಚನೆ, ನಡುನಡುವೆ ಎದ್ದು ಪುಸ್ತಕ ಹಂಚುವ ಕೆಲಸ. ಮೇಡಂ ಮೊದಲು ಒಪ್ಪಲಿಲ್ಲ, ಆಮೇಲೆ ತಾವಾಗಿಯೇ ಹೊಸ ಕೆಲಸಗಳನ್ನು ಹುಡುಕಿಕೊಟ್ಟರು. ಶಾಲೆ ಬದಲಿಸುವ ಮಾತು ಮತ್ತೆ ಏಳಲಿಲ್ಲ.

ವರ್ಷದ ಮೇಲೆ ಅವನು ಬಂದಾಗ ಹೊಸ್ತಿಲನ್ನು ನೋಡಿ ದಾಟಿದ. ಹಾಲು ಈಗಲೂ ಚೆಲ್ಲುತ್ತಾನೆ, ಅರ್ಧ ಲೋಟವೇ ಕೊಡುತ್ತೇನೆ ಎಂದರು ತಾಯಿ. ಒಂಟಿಕಾಲಿನಲ್ಲಿ ಒಂಬತ್ತು ಎಣಿಸುವವರೆಗೆ ನಿಂತು, "ಈಗ ನೀವು ನಿಲ್ಲಿ" ಎಂದ. ನಾನು ಮೇಜು ಹಿಡಿದುಕೊಂಡೇ ನಿಂತೆ.